ಕಡಲಿಗೆ ಬೆನ್ನು ಹಾಕಿದ ಪುಟ್ಟ ಮನೆ

ಶನಿವಾರ ಬಂತೆಂದರೆ ಚಿಕ್ಕಮಗಳೂರು ನಮ್ಮ ಕೈಯಲ್ಲಿ ಇರುವುದಿಲ್ಲ. ಕೈಮರ ಚೆಕ್‌ಪೋಸ್ಟ್ ಹತ್ತಿರ ಕಾರುಗಳ ಸಾಲು. ಹೋಟೆಲ್‌ಗಳ ಮುಂದೆ ಟೇಬಲ್‌ಗೆ ಕಾಯುವ ಜನ. ಮುಳ್ಳಯ್ಯನಗಿರಿಗೆ ದಾರಿ ಕೇಳುವ ಬೆಂಗಳೂರು ಗಾಡಿಗಳು. ಬೇಜಾರೇನಿಲ್ಲ, ಊರಿನ ಎಷ್ಟೋ ಮನೆಗಳ ಒಲೆ ಇವರಿಂದಲೇ ಉರಿಯುತ್ತದೆ. ಆದರೆ ರಜೆ ಸಿಕ್ಕಾಗ ನಮಗೂ ಎಲ್ಲಾದರೂ ಹೋಗಬೇಕು ಅನ್ನಿಸುತ್ತದೆ ಅಲ್ವಾ? ಬೆಟ್ಟದಲ್ಲೇ ಇರುವವರು ಇನ್ನೊಂದು ಬೆಟ್ಟಕ್ಕೆ ಹೋಗಿ ಮಾಡುವುದೇನು. ನಾವು ಘಟ್ಟ ಇಳಿಯುತ್ತೇವೆ.

ನಮ್ಮದು ಚಿಕ್ಕ ಸಂಸಾರ. ನಾನು, ನನ್ನವರು, ಎರಡನೇ ಕ್ಲಾಸಿನ ಮಗಳು, ಮಂಡಿನೋವಿನ ಅತ್ತೆ. ಇಂಥ ಸಂಸಾರಕ್ಕೆ ರೆಸಾರ್ಟ್‌ಗಳು ಹೇಳಿ ಮಾಡಿಸಿದ್ದಲ್ಲ. ಅವರ ಲೆಕ್ಕವೆಲ್ಲ ಇಬ್ಬಿಬ್ಬರದ್ದು. ನಾಲ್ಕು ಜನ ಎಂದರೆ ಎರಡು ರೂಮ್, ಇಲ್ಲವೇ ಒಂದೇ ರೂಮಿಗೆ ಎರಡು ಹೆಚ್ಚುವರಿ ಹಾಸಿಗೆ. ಎರಡು ರೂಮ್ ತೆಗೆದುಕೊಂಡರೆ ಒಂದು ಕೆಳಗೆ, ಒಂದು ಮೇಲೆ. ಅಜ್ಜಿಯ ಪಕ್ಕ ಮಲಗುವ ಮಗಳು ಮಧ್ಯರಾತ್ರಿ ಅಮ್ಮ ಬೇಕು ಎಂದರೆ ಮೆಟ್ಟಿಲು ಹತ್ತಬೇಕು. ತಿಂಡಿ ಒಂಬತ್ತೂವರೆಗೆ ಮುಗಿಯುತ್ತದೆ, ಊಟ ಒಂದೂವರೆಗೆ ಶುರು. ಅತ್ತೆಯ ಮಾತ್ರೆಗೆ ಬೇರೆ ಟೈಮು, ಮಗಳ ಹಸಿವಿಗೆ ಟೈಮೇ ಇಲ್ಲ. ಮಧ್ಯಾಹ್ನ ಮೂರಕ್ಕೆ ಮೊಸರನ್ನ ಕೇಳಿದರೆ ಕೊಡುವವರು ಯಾರು?

ಹಾಗಾಗಿ ಈಗ ಕೆಲವು ವರ್ಷಗಳಿಂದ ನಾವು ಇಳಿದುಕೊಳ್ಳುವುದು ಒಂದೇ ಕಡೆ. ಕಾಪುವಿಗೂ ಉದ್ಯಾವರಕ್ಕೂ ನಡುವೆ, ಮಟ್ಟು ಕಡೆಯ ಒಂದು ಹಂಚಿನ ಮನೆ. ಹೆಸರು ಹೇಳುವುದಿಲ್ಲ. ಮನೆಯ ಅಕ್ಕನಿಗೆ ಜಾಸ್ತಿ ಫೋನ್ ಬರುವುದು ಇಷ್ಟವಿಲ್ಲ. ಬಾಡಿಗೆಗೆ ಕೊಡುವುದು ಎರಡು ಕೋಣೆ, ಒಂದು ಅಡಿಗೆಮನೆ, ಮುಂದೆ ಜಗಲಿ, ಹಿಂದೆ ಬಚ್ಚಲು. ಅಷ್ಟೇ. ಅಂಗಳದ ಆಚೆ ಬದಿಯ ಮನೆಯಲ್ಲಿ ಅವರೇ ಇರುತ್ತಾರೆ.

ಈ ಮನೆಯಿಂದ ಕಡಲು ಕಾಣುವುದಿಲ್ಲ. ಮನೆಗೂ ನೀರಿಗೂ ನಡುವೆ ಒಂದು ತೆಂಗಿನ ತೋಟ, ಒಂದು ಡಾಂಬರು ರಸ್ತೆ, ಆಮೇಲೆ ಗಾಳಿಮರಗಳ ಸಾಲು. ನಡೆದರೆ ಐದಾರು ನಿಮಿಷ, ಅತ್ತೆಯ ಜೊತೆ ನಡೆದರೆ ಹತ್ತು. ಹಗಲು ಸದ್ದೂ ಸರಿಯಾಗಿ ಕೇಳುವುದಿಲ್ಲ, ರಾತ್ರಿ ಮಾತ್ರ ಕೇಳುತ್ತದೆ. ಸಮುದ್ರಕ್ಕೆ ಅಂತ ಅಷ್ಟು ದೂರ ಹೋಗಿ ಸಮುದ್ರವೇ ಕಾಣದ ಮನೆಯಲ್ಲಿ ಇರುತ್ತೀರಾ ಎಂದು ಗೆಳತಿಯರು ನಗುತ್ತಾರೆ. ಚಿಕ್ಕ ಸಂಸಾರಕ್ಕೆ ಬೇಕಾದದ್ದು ಇಂಥ ಮನೆಯೇ ಎಂದು ನನಗಂತೂ ಗಟ್ಟಿಯಾಗಿ ಅನ್ನಿಸಿದೆ.

ದಿನದ ಲೆಕ್ಕ ಹಾಕಿ ನೋಡಿ. ಮಕ್ಕಳನ್ನು ಕಟ್ಟಿಕೊಂಡು ಹೋದವರು ಕಡಲ ದಂಡೆಯಲ್ಲಿ ಎಷ್ಟು ಹೊತ್ತು ಇರುತ್ತಾರೆ? ಬೆಳಗ್ಗೆ ಬಿಸಿಲೇರುವ ತನಕ ಒಂದೂವರೆ ಗಂಟೆ, ಸಂಜೆ ಎರಡು ಗಂಟೆ. ಮಿಕ್ಕ ಇಪ್ಪತ್ತು ಗಂಟೆ ಮನೆಯೊಳಗೇ ಕಳೆಯಬೇಕು. ರಜೆ ಚೆನ್ನಾಗಿತ್ತೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಆ ಇಪ್ಪತ್ತು ಗಂಟೆ.

ನನ್ನ ದೊಡ್ಡಮ್ಮನ ಮಗ ಮೂಡಿಗೆರೆ ಕಡೆ ತೋಟದಲ್ಲಿ ಹೋಂಸ್ಟೇ ನಡೆಸುತ್ತಾನೆ. ಹಳೆಯ ಮನೆಯ ಒಂದು ಭಾಗವನ್ನು ರಿಪೇರಿ ಮಾಡಿಸಿ ಬಂದವರಿಗೆ ಕೊಡುತ್ತಾನೆ. ಅವನು ಒಮ್ಮೆ ಹೇಳಿದ್ದು: "ಫೋನ್ ಮಾಡಿದವರೆಲ್ಲ ಮೊದಲು ವ್ಯೂ ಇದ್ಯಾ ಅಂತಾರೆ ಕಣೆ. ಬಚ್ಚಲಲ್ಲಿ ಬಿಸಿನೀರು ಬರುತ್ತಾ ಅಂತ ಕೇಳಿದವರು ಒಬ್ಬರೂ ಇಲ್ಲ. ಬಂದ ಮೇಲೆ ಜಗಳ ಆಡೋದು ಮಾತ್ರ ಬಿಸಿನೀರಿಗೆ." ಪಾಪ, ಅವನ ಮನೆಯಿಂದ ಕಾಣುವುದು ಕಾಫಿ ಗಿಡ, ಸಿಲ್ವರ್ ಮರ, ಅದರ ಮೇಲೆ ಹಬ್ಬಿದ ಮೆಣಸಿನ ಬಳ್ಳಿ ಮಾತ್ರ. ಬೆಟ್ಟದ ಸಾಲು ಕಾಣಲಿ ಅಂತ ಎರಡು ಮರ ಕಡಿಸಿ ಎಂದು ಸಲಹೆ ಕೊಟ್ಟವರೂ ಇದ್ದಾರಂತೆ.

ನಮ್ಮ ಕರಾವಳಿಯ ವಿಷಯದಲ್ಲಿ ಈ ವ್ಯೂ ಎಂಬುದರ ಇನ್ನೊಂದು ಮುಖ ಯಾರೂ ಹೇಳುವುದಿಲ್ಲ. ಕರ್ನಾಟಕದ ಕಡಲು ಇರುವುದು ಪಡುವಣಕ್ಕೆ. ಕಡಲು ಕಾಣುವ ಕಿಟಕಿ ಎಂದರೆ ಪಶ್ಚಿಮದ ಕಿಟಕಿ. ಗೋಡೆ ತುಂಬ ಗಾಜು ಹಾಕಿದ ಕೋಣೆಗೆ ಮಧ್ಯಾಹ್ನ ಎರಡರಿಂದ ಸೂರ್ಯ ಮುಳುಗುವ ತನಕ ಬಿಸಿಲು ನೇರ ಒಳಗೆ. ಮೂರು ಗಂಟೆಗೆ ಆ ಕೋಣೆ ಕಾದ ಕಾವಲಿ. ಆಮೇಲೆ ದಪ್ಪ ಪರದೆ ಎಳೆದು ಏಸಿ ಹಾಕಿಕೊಂಡು ಮಲಗಬೇಕು. ದುಡ್ಡು ಕೊಟ್ಟ ನೋಟ ಪರದೆಯ ಆಚೆ! ಒಬ್ಬರ ಮದುವೆಗೆಂದು ಹೋದಾಗ ಇಂಥದ್ದೊಂದು ಕೋಣೆಯಲ್ಲಿ ಉಳಿದಿದ್ದೆವು. ಮಗಳು ಬಚ್ಚಲುಮನೆಯ ನೆಲದ ಮೇಲೆ ಕೂತು ಆಡಿದಳು, ತಂಪಾಗಿದ್ದದ್ದು ಅದೊಂದೇ ಜಾಗ.

ಮಟ್ಟುವಿನ ಮನೆ ಪೂರ್ವಕ್ಕೆ ಮುಖ ಮಾಡಿದೆ. ಕಡಲಿಗೆ ಅದರ ಬೆನ್ನು. ಪಶ್ಚಿಮದ ಗೋಡೆಯಲ್ಲಿ ಎರಡು ಸಣ್ಣ ಕಿಟಕಿ, ಅವುಗಳ ಮೇಲೆ ತಗ್ಗಾಗಿ ಇಳಿದ ಮಾಡು. ಬಿಸಿಲು ಒಳಗೆ ಬರುವುದಿಲ್ಲ, ಗಾಳಿ ಮಾತ್ರ ಬರುತ್ತದೆ. ಹಗಲು ನೆಲ ನೀರಿಗಿಂತ ಬೇಗ ಕಾಯುತ್ತದೆ, ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಅದರ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ರಾತ್ರಿ ಇದು ತಿರುಗಿ, ಗಾಳಿ ನೆಲದಿಂದ ಕಡಲ ಕಡೆ ಬೀಸುತ್ತದೆ. ಹಾಯಿದೋಣಿಗಳ ಕಾಲದಲ್ಲಿ ಮೀನುಗಾರರು ಮುಂಜಾನೆಯ ಗಾಳಿಗೆ ಹೊರಟು ಮಧ್ಯಾಹ್ನದ ಗಾಳಿಗೆ ವಾಪಸ್ ಬರುತ್ತಿದ್ದದ್ದು ಇದೇ ಲೆಕ್ಕದಲ್ಲಿ. ಎದುರುಬದುರು ಕಿಟಕಿ ಇರುವ ಮನೆಗೆ ಎರಡೂ ಹೊತ್ತು ಗಾಳಿ ಸಿಗುತ್ತದೆ. ಊಟ ಮುಗಿಸಿ ಕೆಂಪು ನೆಲದ ಮೇಲೆ ಚಾಪೆ ಹಾಸಿ ಮಲಗಿದರೆ ಫ್ಯಾನ್ ಒಂದೇ ಸಾಕು.

ಹಂಚು ಅಂತೂ ಆ ಊರಿನ ಹುಟ್ಟುಗುಣ. ಬಾಸೆಲ್ ಮಿಷನ್‌ನ ಕ್ರೈಸ್ತ ಪಾದ್ರಿಗಳು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ. ಅಲ್ಲಿಂದ ಮಂಗಳೂರು ಹಂಚು ಘಟ್ಟ ಹತ್ತಿ ನಮ್ಮ ತೋಟದ ಬಂಗಲೆಗಳ ಮೇಲೂ ಕೂತಿತು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಜಾಗಕ್ಕೆ ಇಳಿಜಾರು ಮಾಡೇ ಸರಿ. ಬಿಸಿಗಾಳಿಯೂ ಹಂಚುಗಳ ಸಂದಿಯಲ್ಲಿ ಹೊರಗೆ ಹೋಗುತ್ತದೆ. ಆ ಮನೆಯ ಕಿಟಕಿಗಳಿಗೆ ಕಬ್ಬಿಣದ ಸರಳಿಲ್ಲ, ಮರದ್ದು. ಉಪ್ಪಿನ ಗಾಳಿಗೆ ಕಬ್ಬಿಣ ಎಷ್ಟು ಬೇಗ ತುಕ್ಕು ಹಿಡಿಯುತ್ತದೆ ಎಂದು ಗೊತ್ತಾಗಬೇಕಾದರೆ ದಂಡೆಯ ಪಕ್ಕದ ಯಾವುದಾದರೂ ಹೊಸ ಕಟ್ಟಡದ ಗೇಟು ನೋಡಿ ಸಾಕು. ನೀರಿನ ಪಕ್ಕದಲ್ಲೇ ಇರುವ ಕಾಟೇಜ್‌ಗಳಲ್ಲಿ ಚಿಲಕ ಹಾಕಲು ಆಗದೆ ಒದ್ದಾಡುವುದೂ, ನಲ್ಲಿ ತಿರುಗಿಸಿದರೆ ಹಿಡಿ ಕೈಗೆ ಬರುವುದೂ ಇದರಿಂದಲೇ.

ಇನ್ನು ದಾರಿ. ಚಿಕ್ಕಮಗಳೂರಿನಿಂದ ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ ಘಾಟಿ, ಉಜಿರೆ, ಬೆಳ್ತಂಗಡಿ. ಅಲ್ಲಿಂದ ಕಾರ್ಕಳ ಕಡೆಗೆ ತಿರುಗಿ ಪಡುಬಿದ್ರಿ. ಕುದುರೆಮುಖದ ದಾರಿಯೂ ಇದೆ, ಕಾಡು ಚೆಂದ, ಆದರೆ ಅತ್ತೆಗೆ ಕೊಟ್ಟಿಗೆಹಾರದ ನೀರುದೋಸೆ ತಿನ್ನದೆ ಘಟ್ಟ ಇಳಿದರೆ ಪ್ರಯಾಣ ಮಾಡಿದ ಹಾಗೇ ಅಲ್ಲ. ಮಗಳಿಗೆ ಮಾತ್ರ ಅಲ್ಲಿ ಏನೂ ಕೊಡುವುದಿಲ್ಲ. ತಿರುವುಗಳು ಮುಗಿದು ಕೆಳಗಿನ ಊರು ಬಂದ ಮೇಲೇ ಅವಳಿಗೆ ತಿಂಡಿ. ಚಿಕ್ಕ ಮಕ್ಕಳಿರುವವರಿಗೆ ಯಾಕೆ ಎಂದು ಬಿಡಿಸಿ ಹೇಳಬೇಕಿಲ್ಲ.

ಆ ಘಾಟಿ ನನಗೆ ಪ್ರತಿ ಸಲವೂ ವಿಚಿತ್ರ ಅನ್ನಿಸುತ್ತದೆ. ಈಚೆ ಬದಿ, ಮೂಡಿಗೆರೆ ತಾಲ್ಲೂಕಿನ ಜಾವಳಿಯಲ್ಲಿ ಹುಟ್ಟುವ ಹೇಮಾವತಿ ಹಾಸನದ ಕಡೆ ಹರಿದು, ಕಾವೇರಿ ಸೇರಿ, ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಕೆಲವೇ ಮೈಲಿ ಆಚೆ, ಚಾರ್ಮಾಡಿಯಲ್ಲಿ ರಸ್ತೆ ಬದಿ ಧುಮುಕುವ ತೊರೆಗಳು ಮೃತ್ಯುಂಜಯ ಹೊಳೆಯಾಗಿ ನೇತ್ರಾವತಿ ಸೇರಿ ಮಂಗಳೂರಿನಲ್ಲಿ ಅರಬ್ಬಿ ಸಮುದ್ರ ಮುಟ್ಟುತ್ತವೆ. ಒಂದೇ ಮೋಡದ ಮಳೆ, ಗುಡ್ಡದ ಯಾವ ಮಗ್ಗುಲಿಗೆ ಬಿತ್ತು ಎಂಬುದರ ಮೇಲೆ ಎರಡು ಸಮುದ್ರಗಳಿಗೆ ಹಂಚಿಕೆಯಾಗುತ್ತದೆ. ಮಗಳಿಗೆ ಇದನ್ನು ವಿವರಿಸಿದಾಗ, "ಹಾಗಾದ್ರೆ ನಮ್ಮನೆ ನೀರು ಯಾವ ಸಮುದ್ರಕ್ಕೆ?" ಎಂದಳು. ಚಿಕ್ಕಮಗಳೂರು ಪೇಟೆಯ ನೀರೆಲ್ಲ ಪೂರ್ವಕ್ಕೇ ಹೋಗುವುದು ಎಂದು ಕೇಳಿ ಅವಳಿಗೆ ನಿರಾಸೆಯಾಯಿತು.

ಇಳಿಯುತ್ತಾ ಹೋದಂತೆ ಸ್ವೆಟರ್ ಕಳಚುತ್ತದೆ. ನಮ್ಮ ಊರು ಇರುವುದು ಸುಮಾರು 1,090 ಮೀಟರ್ ಎತ್ತರದಲ್ಲಿ. ಅಷ್ಟು ಇಳಿದರೆ ಆರೇಳು ಡಿಗ್ರಿ ಸೆಕೆ ಜಾಸ್ತಿ. ಮೈ ಅಂಟಂಟು ಆಗುವುದು ಬೇರೆ ಲೆಕ್ಕ. ಹಾಗಾಗಿ ಮನೆ ಮುಟ್ಟಿದ ಕೂಡಲೇ ಎಲ್ಲರಿಗೂ ಬೇಕಾಗುವುದು ನೀರು. ಆ ಮನೆಯ ಬಚ್ಚಲು ದೊಡ್ಡದು. ತಾಮ್ರದ ಹಂಡೆ, ತೆಂಗಿನ ಸೋಗೆ ಸಿಪ್ಪೆಯ ಉರಿ, ಪಕ್ಕದಲ್ಲೇ ಬಾವಿಯ ತಣ್ಣೀರು. ಅತ್ತೆಗೆಂದು ಕಮೋಡನ್ನೂ ಹಿಡಿದುಕೊಳ್ಳಲು ಒಂದು ಸ್ಟೀಲ್ ಹಿಡಿಯನ್ನೂ ಹಾಕಿಸಿದ್ದಾರೆ. ಇನ್ನೊಂದು ನಲ್ಲಿ ಅಂಗಳದ ತುದಿಯಲ್ಲಿದೆ. ಕಡಲಿಂದ ಬಂದವರು ಅಲ್ಲೇ ಕಾಲು, ಚಪ್ಪಲಿ, ಮಕ್ಕಳನ್ನು ಪೂರ್ತಿ ತೊಳೆದು ಒಳಗೆ ಬರಬೇಕು. ಸಣ್ಣ ವಿಷಯ ಅನ್ನಿಸಬಹುದು. ಒಂದು ಮಗು ಚಡ್ಡಿಯ ಜೇಬಿನಲ್ಲಿ ಎಷ್ಟು ಮರಳು ತರಬಲ್ಲದು, ಅದೆಲ್ಲ ಹಾಸಿಗೆಗೆ ಬಿದ್ದರೆ ರಾತ್ರಿ ಹೇಗಿರುತ್ತದೆ ಎಂದು ತಿಳಿದವರಿಗೆ ಆ ನಲ್ಲಿಯ ಬೆಲೆ ಗೊತ್ತು.

ಅಡಿಗೆಮನೆಯ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಉದ್ದ ಮಾತಾಡುತ್ತೇನೆ. ರಜೆಯಲ್ಲೂ ಅಡಿಗೆ ಮಾಡಬೇಕಾ ಅಂತ ಕೇಳುವ ಹೆಂಗಸರ ಸಿಟ್ಟು ನನಗೆ ಅರ್ಥವಾಗುತ್ತದೆ. ನಾನು ಮೂರು ಹೊತ್ತು ಮಾಡುವುದಿಲ್ಲ. ಮಧ್ಯಾಹ್ನದ ಊಟ ಅಕ್ಕನ ಮನೆಯಿಂದ ಬರುತ್ತದೆ. ಕುಚ್ಚಲಕ್ಕಿ ಅನ್ನ, ಸಾರು, ಒಂದು ಪಲ್ಯ, ಮೀನು ಸಿಕ್ಕ ದಿನ ಮೀನು. ಮಿಕ್ಕದ್ದಕ್ಕೆ ಗ್ಯಾಸ್ ಒಲೆ, ನಾಲ್ಕು ಪಾತ್ರೆ, ಒಂದು ಸಣ್ಣ ಫ್ರಿಜ್ ಇದೆ. ಅನ್ನಕ್ಕಿಟ್ಟು ಮೊಸರು ಕಲಸಿಕೊಡುವುದಕ್ಕೆ ಇನ್ನೇನು ಬೇಕು. ಕಾಫಿಪುಡಿ ಮತ್ತು ಫಿಲ್ಟರ್ ನಮ್ಮ ಊರಿಂದಲೇ ಹೋಗುತ್ತದೆ. ಕೆಳಗೆ ಕಾಫಿ ಚೆನ್ನಾಗಿರುವುದಿಲ್ಲ ಎಂದು ನಾನು ಹೇಳುತ್ತಿಲ್ಲ, ನಮ್ಮವರು ಹೇಳುತ್ತಾರೆ.

ಬೆಳಗ್ಗೆ ಮೀನಿನವರ ಸ್ಕೂಟರ್ ಹಾರ್ನ್ ಕೇಳಿದರೆ ಅತ್ತೆ ಮಂಡಿನೋವು ಮರೆತು ಗೇಟಿಗೆ ಹೋಗುತ್ತಾರೆ. ನಮ್ಮಲ್ಲಿಗೂ ಮಲ್ಪೆ, ಮಂಗಳೂರಿನ ಮೀನು ಐಸ್ ಹಾಕಿಕೊಂಡು ಘಟ್ಟ ಹತ್ತಿ ಬರುತ್ತದೆ. ಆದರೆ ಬಂಗುಡೆಯ ಕಿವಿರು ಎತ್ತಿ ನೋಡಿ ಅವರು "ಹೂಂ" ಎನ್ನುವ ಧ್ವನಿಯೇ ಅಲ್ಲಿ ಬೇರೆ. ಜೂನ್ 1ರಿಂದ ಜುಲೈ 31ರ ತನಕ ಯಂತ್ರದ ದೋಣಿಗಳಿಗೆ ನಿಷೇಧ, ಮೀನು ಮರಿ ಮಾಡುವ ಕಾಲ ಅದು. ಆಗ ನಾಡದೋಣಿಯವರು ತಂದದ್ದೇ ಗತಿ, ಬೆಲೆಯೂ ಹಾಗೇ ಇರುತ್ತದೆ. ಮೀನು ತಿನ್ನದವರಿಗೆ ಆ ಊರಿನಲ್ಲಿ ಮಟ್ಟುಗುಳ್ಳ ಇದೆ. ಹಸಿರು ಗೆರೆಯ ಗುಂಡು ಬದನೆ. ಇದು ಈ ಊರಿನದೇ ಬೆಳೆ ಎಂಬ ಭೌಗೋಳಿಕ ಮಾನ್ಯತೆಯೂ (ಜಿಐ) ಅದಕ್ಕೆ 2011ರಲ್ಲಿ ಸಿಕ್ಕಿದೆ. ಉಡುಪಿಯ ಯತಿ ವಾದಿರಾಜರು ಕೊಟ್ಟ ಬೀಜದಿಂದ ಬೆಳೆದದ್ದು ಎಂದು ಅಲ್ಲಿಯವರು ಹೇಳುತ್ತಾರೆ. ಮಳೆಗಾಲ ಮುಗಿದ ಮೇಲೆ ನೆಟ್ಟ ಗಿಡಗಳಲ್ಲಿ ಚಳಿಗಾಲಕ್ಕೆ ಕಾಯಿ ಬರುತ್ತದೆ. ಅಕ್ಕ ಮಾಡುವ ಗುಳ್ಳದ ಹುಳಿಗೆ ನಾನು ಮೀನನ್ನೂ ಬಿಟ್ಟೇನು. ಅತ್ತೆಯ ಎದುರು ಇದನ್ನು ಹೇಳುವುದಿಲ್ಲ.

ಮನೆಯವರು ಪಕ್ಕದಲ್ಲೇ ಇರುವುದು ಊಟಕ್ಕೆ ಮಾತ್ರ ಅನುಕೂಲ ಎಂದುಕೊಳ್ಳಬೇಡಿ. ಒಂದು ಸಂಜೆ ನಾವು ಟವೆಲು ಹಿಡಿದು ಹೊರಟಾಗ ಅಕ್ಕ ಜಗಲಿಯಿಂದಲೇ ಕೂಗಿದರು. "ಇವತ್ತು ಮಗುವನ್ನು ನೀರಿಗೆ ಬಿಡ್ಬೇಡಿ ಆಯ್ತಾ. ಹುಣ್ಣಿಮೆ ಹತ್ರ ಬಂತಲ್ಲ, ಅಲೆ ಮೇಲೆ ಬರ್ತದೆ." ಹುಣ್ಣಿಮೆ, ಅಮಾವಾಸ್ಯೆಗೆ ಚಂದ್ರ, ಸೂರ್ಯ ಎರಡರ ಸೆಳೆತ ಒಂದೇ ಗೆರೆಯಲ್ಲಿ ಸೇರಿ ಉಬ್ಬರ ಜಾಸ್ತಿ ಎಂದು ನಾವೂ ಓದಿದ್ದೇವೆ. ಆದರೆ ಈ ದಂಡೆಯಲ್ಲಿ ಯಾವ ಜಾಗದಲ್ಲಿ ಮರಳು ಕೊರೆದು ಗುಂಡಿಯಾಗಿದೆ, ಎಲ್ಲಿ ನೀರು ಹಿಂದಕ್ಕೆ ಎಳೆಯುತ್ತದೆ ಎಂಬುದು ಅಲ್ಲೇ ಹುಟ್ಟಿ ಬೆಳೆದವರಿಗೆ ಮಾತ್ರ ಗೊತ್ತು. ಸಣ್ಣ ದಂಡೆಗಳಲ್ಲಿ ಕಾವಲಿಗೆ ಯಾರೂ ಇರುವುದಿಲ್ಲ. ಮಗಳಿಗೆ ನೀರಿನಲ್ಲಿ ಆಡಲೇಬೇಕು ಅನ್ನಿಸಿದ ದಿನ ನಾವು ಪಡುಬಿದ್ರಿಗೆ ಹೋಗುತ್ತೇವೆ. ಸ್ವಚ್ಛ, ಸುರಕ್ಷಿತ ದಂಡೆಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ 2020ರಲ್ಲಿ ಸಿಕ್ಕ ದಂಡೆ ಅದು, ಲೈಫ್‌ಗಾರ್ಡ್ ಇದ್ದಾರೆ, ಸ್ನಾನಕ್ಕೆ ವ್ಯವಸ್ಥೆ ಇದೆ. ಮಿಕ್ಕ ದಿನ ಮನೆ ಹತ್ತಿರದ ಒದ್ದೆ ಮರಳೇ ಸಾಕು. ಅತ್ತೆಗೂ ಅದೇ ಅನುಕೂಲ, ಒಣ ಮರಳಿನಲ್ಲಿ ಕಾಲು ಹೂತು ಮಂಡಿ ನೋಯುತ್ತದೆ, ಒದ್ದೆ ಮರಳು ಗಟ್ಟಿ.

ನಮ್ಮ ಕಡೆಯ ಹೋಂಸ್ಟೇಗಳಲ್ಲಿ ಈಗ ಈ ಪಕ್ಕದಲ್ಲೇ ಇರುವ ಮನೆಯವರು ಕಡಿಮೆಯಾಗುತ್ತಿದ್ದಾರೆ. ಮಾಲೀಕರು ಪೇಟೆಯಲ್ಲಿ, ಮನೆಯಲ್ಲಿ ಒಬ್ಬ ಕೆಲಸದ ಹುಡುಗ, ಅವನ ಕೈಯಲ್ಲಿ ಬೀಗದ ಗೊಂಚಲು. ಆ ಹುಡುಗನಿಗೂ ಊರು ಹೊಸದು. ಜಿಗಣೆ ಕಚ್ಚಿದರೆ ಏನು ಮಾಡಬೇಕು ಎಂದು ಅತಿಥಿಗಳೇ ಅವನಿಗೆ ಮೊಬೈಲ್ ನೋಡಿ ಹೇಳಿಕೊಡುತ್ತಾರೆ. ಅದಕ್ಕೂ ಹೋಂಸ್ಟೇ ಎಂದೇ ಬೋರ್ಡು. ಕರಾವಳಿಯಲ್ಲೂ ಅದೇ ಶುರುವಾಗಿದೆ. ಅಲ್ಲಿ ಜಿಗಣೆಯ ಬದಲು ಸಮುದ್ರ ಇದೆ, ಹಾಗಾಗಿ ನನಗೆ ಹೆದರಿಕೆ ಸ್ವಲ್ಪ ಜಾಸ್ತಿ.

ಇನ್ನು ದಂಡೆಗೆ ತಾಗಿದಂತೆಯೇ ಕಾಟೇಜ್ ಬೇಕು ಎನ್ನುವವರು ಒಮ್ಮೆ ಮಳೆಗಾಲದಲ್ಲಿ ಹೋಗಿ ನೋಡಬೇಕು. ಬೇಸಿಗೆಯಲ್ಲಿ ಅಗಲವಾಗಿ ಮಲಗಿದ್ದ ಮರಳು ಜುಲೈ ಹೊತ್ತಿಗೆ ಅರ್ಧ ಇರುವುದಿಲ್ಲ. ಉಳ್ಳಾಲದಿಂದ ಪಡುಬಿದ್ರಿ, ಕಾಪು ತನಕ ಕಡಲ್ಕೊರೆತದ ಸುದ್ದಿ ಪ್ರತಿ ಮಳೆಗಾಲದಲ್ಲೂ ಪೇಪರಿನಲ್ಲಿ ಬರುತ್ತದೆ. ತೆಂಗಿನ ಮರಗಳು ಬುಡಸಮೇತ ಬೀಳುತ್ತವೆ, ಕರಿಕಲ್ಲು ತಂದು ಸುರಿದು ತಡೆಗೋಡೆ ಕಟ್ಟುತ್ತಾರೆ, ಮುಂದಿನ ವರ್ಷ ಕಲ್ಲೂ ಜಾರಿರುತ್ತದೆ. ಉಬ್ಬರದ ಗೆರೆಯಿಂದ 500 ಮೀಟರ್ ತನಕದ ಜಾಗಕ್ಕೆ ಕರಾವಳಿ ನಿಯಂತ್ರಣ ವಲಯ ಎಂದು 1991ರಿಂದಲೇ ಕಾನೂನು ಇದೆ. ಆಮೇಲೆ ಅದನ್ನು 2011, 2019ರಲ್ಲಿ ಬದಲಾಯಿಸಿದ್ದಾರೆ. ಕಾನೂನು ಬದಿಗಿರಲಿ, ಅಕ್ಕನ ಮಾವನವರು ಮನೆ ಕಟ್ಟಿಸುವಾಗ ನೀರಿನಿಂದ ಇಷ್ಟು ದೂರ ಬಂದದ್ದು ಅಲ್ಲಿಯ ಮಳೆಗಾಲ ನೋಡಿದ್ದರಿಂದ.

ನೋಡುವ ಜಾಗಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. ಕಾಪುವಿನ ಬಂಡೆಯ ಮೇಲೆ 1901ರ ದೀಪಸ್ತಂಭ. ಉಡುಪಿಯ ಮಠ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪ. ಅಲ್ಲಿಯ ಕಲ್ಲಿನ ಕಂಬಗಳು ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಕಾಲಕ್ಕೆ ಹರಿದ ಲಾವಾ ಗಟ್ಟಿಯಾಗಿ ಆದದ್ದು. ನನ್ನವರು ಇದನ್ನೆಲ್ಲ ಮಗಳಿಗೆ ಕೈ ತಿರುಗಿಸಿ ತಿರುಗಿಸಿ ಹೇಳಿದರು. ವಾಪಸ್ ಬಂದು ಅವಳು ಅಕ್ಕನ ಮೊಮ್ಮಗನಿಗೆ ವರದಿ ಒಪ್ಪಿಸಿದ್ದು ದೋಣಿಯಲ್ಲಿ ಯಾರೋ ವಾಂತಿ ಮಾಡಿದರು ಎಂದು. ದಿನಕ್ಕೊಂದು ಜಾಗ ಎಂದು ಪಟ್ಟಿ ಹಿಡಿದು ಓಡಾಡುವುದನ್ನು ನಾವು ಬಿಟ್ಟಿದ್ದೇವೆ. ಆ ಇಬ್ಬರು ಮಕ್ಕಳಿಗೆ ಏಡಿಯ ಬಿಲಗಳೇ ಸಾಕು, ನಮಗೆ ಜಗಲಿ ಸಾಕು. ಆ ಜಗಲಿಯಲ್ಲಿ ಅತ್ತೆ ಮತ್ತು ಅಕ್ಕ ಪತ್ರೊಡೆ ಯಾರ ಕಡೆಯದು ಎಂದು ವಾದ ಮಾಡುತ್ತಿರುತ್ತಾರೆ. ಮಲೆನಾಡಿನದು ಎಂದು ಇವರು, ಕರಾವಳಿಯದು ಎಂದು ಅವರು. ಇತ್ಯರ್ಥ ಆಗುವ ಲಕ್ಷಣ ಇಲ್ಲ.

ಯಾವಾಗ ಹೋಗಬೇಕು ಎಂದು ಕೇಳಿದರೆ ಡಿಸೆಂಬರ್, ಜನವರಿ ಎನ್ನುತ್ತೇನೆ. ತೋಟ ಇರುವವರಿಗೆ ಆಗ ಕಾಫಿ ಕೊಯ್ಲು, ಬಿಟ್ಟು ಬರಲು ಆಗುವುದಿಲ್ಲ. ನನ್ನ ಅಣ್ಣ ಇದುವರೆಗೆ ನಮ್ಮ ಜೊತೆ ಬರದಿರುವುದಕ್ಕೆ ಅದೇ ಕಾರಣ. ದಸರಾ ರಜೆಯೂ ಪರವಾಗಿಲ್ಲ, ಮಳೆಯ ಕೊನೆಯ ಹನಿಗಳಿಗೆ ಕೊಡೆ ಇರಲಿ. ಘಾಟಿಯ ಸ್ಥಿತಿ ಮಾತ್ರ ವಿಚಾರಿಸಿ ಹೊರಡಿ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ ಕುಸಿದ ಮೇಲೆ ಮಳೆಗಾಲದಲ್ಲಿ ಆ ರಸ್ತೆಯನ್ನು ನಂಬುವುದು ಕಷ್ಟ.

ಮಕ್ಕಳ ರಜೆ ಇರುವುದೇ ಏಪ್ರಿಲ್, ಮೇ ತಿಂಗಳಲ್ಲಿ ಎನ್ನುವವರು ಹೋಗುವುದಾದರೆ ಹೋಗಿ. ಆದರೆ ಆಗ ದಂಡೆಗೆ ಹತ್ತಿರದ ಎಷ್ಟೋ ಬಾವಿಗಳಲ್ಲಿ ಸಿಹಿನೀರು ತಗ್ಗಿ ಉಪ್ಪುನೀರು ಒಸರುತ್ತದೆ. ಉಪ್ಪುನೀರಿನಲ್ಲಿ ಆಡಿ ಬಂದ ಮಗುವಿಗೆ ಉಪ್ಪುನೀರಿನ ಸ್ನಾನ ಮಾಡಿಸಿದರೆ ರಾತ್ರಿಯಿಡೀ ಮೈ ಕೆರೆದುಕೊಂಡು ನಿಮ್ಮನ್ನೂ ಮಲಗಲು ಬಿಡುವುದಿಲ್ಲ. ಫೋನ್ ಮಾಡಿದಾಗ ಮೊದಲು ಬಾವಿಯ ನೀರು ಹೇಗಿದೆ ಎಂದು ಕೇಳಿ. ಆಮೇಲೆ ಬಚ್ಚಲು, ಆಮೇಲೆ ಅಡಿಗೆಮನೆ. ಮುಂದಿನ ನೋಟದ ಫೋಟೋ ನೀವು ಕೇಳದೆಯೇ ಅವರು ಕಳಿಸುತ್ತಾರೆ.